ಎರಡರಲ್ಲೂ 120 ಇದ್ದರೂ ತಾಳ ಯಾಕೆ ಓಡುತ್ತದೆ? ಮಿಡಿ ಕ್ಲಾಕ್ ಸರಿಪಡಿಸುವ ಕ್ರಮ

ಗಣೇಶನ ಹಬ್ಬ ಹತ್ತಿರ ಬಂತೆಂದರೆ ದಾವಣಗೆರೆಯಲ್ಲಿ ಆರ್ಕೆಸ್ಟ್ರಾ ಹುಡುಗರಿಗೆ ನಿದ್ದೆ ಇರುವುದಿಲ್ಲ. ಹೋದ ಸಲ ಹಬ್ಬಕ್ಕೆ ಹತ್ತು ದಿನ ಇರುವಾಗ ಮೂರು ಜನ, ಬೇರೆ ಬೇರೆ ತಂಡದವರು, ಒಂದೇ ದೂರು ಹೊತ್ತು ನಮ್ಮ ಮನೆಗೆ ಬಂದರು. ನಿಟುವಳ್ಳಿಯ ಹುಡುಗ ಹೇಳಿದ್ದು ಇಷ್ಟು: "ಅಣ್ಣಾ, ಕೀಬೋರ್ಡಲ್ಲೂ 120, ಸೀಕ್ವೆನ್ಸರಲ್ಲೂ 120. ಆದ್ರೂ ಎರಡನೇ ಚರಣಕ್ಕೆ ಬರೋಷ್ಟರಲ್ಲಿ ಒಂದು ಮುಂದೆ ಓಡಿರುತ್ತೆ."

(120 ಅಂದರೆ ನಿಮಿಷಕ್ಕೆ 120 ಬೀಟ್, ಅಂದರೆ 120 ಬಿಪಿಎಂ. ಸೀಕ್ವೆನ್ಸರ್ ಅಂದರೆ ತುಂಬಿಸಿಟ್ಟ ತಾಳ, ಸ್ವರಗಳನ್ನು ತಾನೇ ನುಡಿಸುವ ಯಂತ್ರ.) ಮೂವರೂ ಮಾಡಿದ್ದ ತಪ್ಪು ಒಂದೇ. ತಾಳ ತಪ್ಪಿದ ಕೂಡಲೇ ಮೆನು ತೆಗೆದು, ಸಿಕ್ಕ ಸಿಕ್ಕ ಸೆಟ್ಟಿಂಗ್ ಎಲ್ಲ ತಿರುಗಿಸಿಬಿಟ್ಟಿದ್ದರು. ಯಾವುದು ಮೊದಲು ಹೇಗಿತ್ತು ಅನ್ನುವುದೇ ಮರೆತುಹೋಗಿತ್ತು. ಅದಕ್ಕೇ ಇಲ್ಲಿ ಕ್ರಮ ಮುಖ್ಯ. ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಶುರು ಮಾಡುವ ಮುಂಚೆ ಒಂದು ವಿಷಯ. ಮಿಡಿ ಅಂದರೆ ನಮ್ಮ ಕಡೆ ಉಪ್ಪಿನಕಾಯಿ ನೆನಪಾಗುತ್ತದೆ. ಇಲ್ಲಿ ಅದು ಸಂಗೀತ ಯಂತ್ರಗಳು ಒಂದಕ್ಕೊಂದು ಸಂದೇಶ ಕಳಿಸುವ ಭಾಷೆ. ಅದರಲ್ಲಿ ಹೋಗುವ ತಾಳದ ಸಂಕೇತವೇ ಕ್ಲಾಕ್. ನಾಡಿ ಮಿಡಿತ ನೆನೆಸಿಕೊಳ್ಳಿ. ಕ್ಲಾಕ್ ಕಳಿಸುವ ಯಂತ್ರ "ಟೆಂಪೋ 120" ಅಂತ ಹೇಳುವುದೇ ಇಲ್ಲ. ಒಂದು ಬೀಟ್‌ಗೆ 24 ಮಿಡಿತ ಕಳಿಸುತ್ತಾ ಹೋಗುತ್ತದೆ, ಅಷ್ಟೇ. 120 ಬಿಪಿಎಂನಲ್ಲಿ ಸೆಕೆಂಡಿಗೆ 48 ಮಿಡಿತ, ಅಂದರೆ ಸುಮಾರು 20.8 ಮಿಲಿಸೆಕೆಂಡಿಗೆ ಒಂದು. ಎದುರಿನ ಯಂತ್ರ ಅದನ್ನು ಎಣಿಸಿಕೊಂಡು ಹೆಜ್ಜೆ ಹಾಕಬೇಕು. ಇದರ ಜೊತೆ ಸ್ಟಾರ್ಟ್, ಸ್ಟಾಪ್, ಕಂಟಿನ್ಯೂ ಅನ್ನುವ ಆಜ್ಞೆಗಳು ಬೇರೆಯಾಗಿ ಹೋಗುತ್ತವೆ. ಯಾವುದಕ್ಕೂ ಚಾನೆಲ್ ನಂಬರ್ ಇಲ್ಲ. ಹಾಗಾಗಿ ತಾಳ ಕೂಡುತ್ತಿಲ್ಲ ಅಂತ ಚಾನೆಲ್ ಬದಲಿಸುವುದು ದಂಡ.

## ಬೇಕಾದ ಸಾಮಾನು

ಸರಿ ಇದೆ ಅಂತ ಖಾತ್ರಿಯಿರುವ ಎರಡು ಮಿಡಿ ಕೇಬಲ್, ಹೆಡ್‌ಫೋನ್, ಚಿಕ್ಕ ಮಿಕ್ಸರ್, ಮಲ್ಟಿಮೀಟರ್. ಎರಡು ಟ್ರ್ಯಾಕ್ ರೆಕಾರ್ಡ್ ಮಾಡಲು ಒಂದು ಲ್ಯಾಪ್‌ಟಾಪ್, ಆಡಿಯೋ ಇಂಟರ್‌ಫೇಸ್. ಮಿಡಿ ಮಾನಿಟರ್ ಅನ್ನುವ ಉಚಿತ ತಂತ್ರಾಂಶವೂ ಇದ್ದರೆ ಅರ್ಧ ಕೆಲಸ ಹಗುರ. ಆಮೇಲೆ ಪೆನ್ನು, ಒಂದು ಹಾಳೆ. ಬದಲಿಸಿದ ಪ್ರತಿ ಸೆಟ್ಟಿಂಗನ್ನೂ ಬರೆದಿಡಿ. ನಗಬೇಡಿ, ನಾನು ಈಗಲೂ ಬರೆಯುತ್ತೇನೆ.

## 1. ಮೊದಲು ಕಿವಿ, ಆಮೇಲೆ ಮೆನು

ಎರಡೂ ಯಂತ್ರದಲ್ಲಿ ಪ್ರತಿ ಬೀಟ್‌ಗೆ ಒಂದೇ ಪೆಟ್ಟು ಬರುವ ಹಾಗೆ ಹಾಕಿ. ಒಂದರಲ್ಲಿ ರಿಮ್‌ಶಾಟ್, ಇನ್ನೊಂದರಲ್ಲಿ ಮುಚ್ಚಿದ ಹೈಹ್ಯಾಟ್. ಪೆಟ್ಟು ಚೂಪಾಗಿರಬೇಕು. ಪ್ಯಾಡ್, ಸ್ಟ್ರಿಂಗ್ಸ್ ಹಾಕಿದರೆ ಆ ದನಿ ಏಳುವುದೇ ನಿಧಾನ, ಕ್ಲಾಕ್ ತಡವಾದ ಹಾಗೆ ಕೇಳಿಸುತ್ತದೆ. ಒಂದನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ತಿರುಗಿಸಿ, ಹೆಡ್‌ಫೋನ್ ಹಾಕಿಕೊಂಡು ಮೂರು ನಿಮಿಷ ಸುಮ್ನೆ ಕೇಳಿ. ಏನನ್ನೂ ಮುಟ್ಟಬೇಡಿ.

ಕೇಳುವ ದೋಷ ಇವುಗಳಲ್ಲಿ ಒಂದಾಗಿರುತ್ತದೆ. ಹೆಸರುಗಳು ನಾನೇ ಇಟ್ಟುಕೊಂಡಿದ್ದು.

ಓಟ. ಶುರುವಿನಲ್ಲಿ ಸರಿ, ಬರಬರುತ್ತಾ ದೂರ. ಇದು ಕೇಳಿಸಿದರೆ ಒಂದು ಮಾತು ಖಚಿತ: ಎರಡನೇ ಯಂತ್ರ ಕ್ಲಾಕ್ ಕೇಳುತ್ತಲೇ ಇಲ್ಲ, ತನ್ನದೇ ಗಡಿಯಾರದಲ್ಲಿ ನಡೆಯುತ್ತಿದೆ. ಲೆಕ್ಕ ನೋಡಿ. ಒಂದು 120, ಇನ್ನೊಂದು ಒಳಗೊಳಗೇ 120.1 ಇದ್ದರೆ ನಿಮಿಷಕ್ಕೆ ಸುಮಾರು 50 ಮಿಲಿಸೆಕೆಂಡ್ ವ್ಯತ್ಯಾಸ. ಐದು ನಿಮಿಷದ ಹಾಡಿಗೆ 250, ಅಂದರೆ ಅರ್ಧ ಬೀಟ್. ನಿಟುವಳ್ಳಿ ಹುಡುಗನಿಗೆ ಆಗಿದ್ದು ಇದೇ.

ಎಳೆತ. ಮೊದಲ ಬೀಟ್‌ನಿಂದ ಕೊನೆಯವರೆಗೂ ಒಂದೇ ಅಂತರದಲ್ಲಿ ಹಿಂದೆ. ಜಾಸ್ತಿಯೂ ಆಗಲ್ಲ, ಕಡಿಮೆಯೂ ಆಗಲ್ಲ.

ನಡುಕ. ಒಂದು ಪೆಟ್ಟು ಮುಂದೆ, ಒಂದು ಹಿಂದೆ. ಸರಾಸರಿ ಸರಿ, ಆದರೆ ಕುಡಿದವನ ನಡಿಗೆ.

ತಪ್ಪು ಹೆಜ್ಜೆ. ವೇಗ ಸರಿ, ಆದರೆ ಒಂದು ಯಂತ್ರದ 'ಒಂದು' ಇನ್ನೊಂದರ 'ಮೂರು' ಆಗಿರುತ್ತದೆ.

ದುಪ್ಪಟ್ಟು. ಸರಿಯಾಗಿ ಎರಡರಷ್ಟು ವೇಗ, ಇಲ್ಲವೇ ಸರಿಯಾಗಿ ಅರ್ಧ.

ಮೌನ. ಶುರುವೇ ಆಗಲ್ಲ.

ಯಾವುದು ಅಂತ ಹಾಳೆಯ ಮೇಲೆ ಬರೆಯಿರಿ. ಓಟ ಮತ್ತು ಮೌನಕ್ಕೆ 3, 4, 5ನೇ ಹಂತದಲ್ಲಿ ಮದ್ದಿದೆ. ಉಳಿದವು ಆಮೇಲಿನವು. ಹಾಗಂತ 2ನೇ ಹಂತ ಯಾರೂ ಹಾರಿಸುವಂತಿಲ್ಲ.

## 2. ಎಲ್ಲ ಬಿಚ್ಚಿ, ಎರಡೇ ಯಂತ್ರ ಉಳಿಸಿ

ಸ್ಟೇಜಿನ ಪೂರ್ತಿ ಸೆಟಪ್ ಇಟ್ಟುಕೊಂಡು ದೋಷ ಹುಡುಕಲು ಆಗಲ್ಲ. ಪ್ಯಾಡು, ಲ್ಯಾಪ್‌ಟಾಪು, ಥ್ರೂ ಬಾಕ್ಸು (ಒಂದು ಮಿಡಿಯನ್ನು ಹಲವರಿಗೆ ಹಂಚುವುದು), ಮರ್ಜ್ ಬಾಕ್ಸು (ಹಲವನ್ನು ಒಂದಾಗಿಸುವುದು) ಎಲ್ಲ ಕಳಚಿ. ಒಂದು ಮಾಸ್ಟರ್ (ಕ್ಲಾಕ್ ಕಳಿಸುವ ಯಂತ್ರ), ಒಂದು ಸ್ಲೇವ್ (ಅದನ್ನು ಕೇಳಿ ನಡೆಯುವ ಯಂತ್ರ), ನಡುವೆ ಒಂದೇ ಕೇಬಲ್: ಮಾಸ್ಟರ್‌ನ ಔಟ್‌ನಿಂದ ಸ್ಲೇವ್‌ನ ಇನ್‌ಗೆ. ವಾಪಸ್ ಬರುವ ಕೇಬಲ್ ಬೇಡ. ಯುಎಸ್‌ಬಿ ವೈರೂ ತೆಗೆಯಿರಿ.

ಈಗಲೇ ಸರಿಹೋಯಿತಾ? ಹಾಗಾದರೆ ತಪ್ಪು ಕಳಚಿದ್ದರಲ್ಲಿದೆ. ನೇರ 7ನೇ ಹಂತಕ್ಕೆ ಹೋಗಿ.

## 3. ಮಾಸ್ಟರ್ ನಿಜವಾಗಿ ಕಳಿಸುತ್ತಿದೆಯೇ?

ಬಹಳಷ್ಟು ಯಂತ್ರಗಳಲ್ಲಿ ಕ್ಲಾಕ್ ಕಳಿಸುವುದು ತಾನಾಗಿ ಆನ್ ಇರುವುದಿಲ್ಲ. 'ಕ್ಲಾಕ್ ಸೆಂಡ್', 'ಸಿಂಕ್ ಔಟ್', 'ಕ್ಲಾಕ್ ಔಟ್' ಹೀಗೆ ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ. ಯಾವ ಕಿಂಡಿಯಿಂದ ಅನ್ನುವುದನ್ನೂ ನೋಡಿ. ಯುಎಸ್‌ಬಿಗೆ ಮಾತ್ರ ಕಳಿಸು ಅಂತ ಇದ್ದರೆ ಐದು ಪಿನ್ನಿನ ಕಿಂಡಿಯಲ್ಲಿ ಏನೂ ಬರಲ್ಲ.

ಕೆಲವು ಯಂತ್ರಗಳಲ್ಲಿ ಕ್ಲಾಕ್ ಬೇರೆ, ಟ್ರಾನ್ಸ್‌ಪೋರ್ಟ್ (ಸ್ಟಾರ್ಟ್, ಸ್ಟಾಪ್ ಆಜ್ಞೆಗಳು) ಬೇರೆ. ಎಲೆಕ್ಟ್ರಾನ್ ಕಂಪನಿಯ ಡಿಜಿಟಾಕ್ಟ್ ಡ್ರಮ್ ಯಂತ್ರದಲ್ಲಿ ಇವಕ್ಕೆ ಕಳಿಸಲು ಎರಡು, ಸ್ವೀಕರಿಸಲು ಎರಡು, ಒಟ್ಟು ನಾಲ್ಕು ಟಿಕ್ ಇವೆ. ಕ್ಲಾಕ್ ಮಾತ್ರ ಹಾಕಿ ಟ್ರಾನ್ಸ್‌ಪೋರ್ಟ್ ಬಿಟ್ಟರೆ ಸ್ಲೇವ್‌ಗೆ ವೇಗ ಗೊತ್ತು, ಹೊರಡುವ ಹೊತ್ತು ಗೊತ್ತಿಲ್ಲ. ಅರ್ಧ 'ಮೌನ'ಗಳ ಕಾರಣ ಇದು.

ಇನ್ನೊಂದು: ಮಾಸ್ಟರ್ ಆಗಲು ಬಾರದ ಯಂತ್ರವನ್ನು ಮಾಸ್ಟರ್ ಮಾಡುವ ಹಟ. ಕೊರ್ಗ್‌ನ ವೋಲ್ಕಾ ಅನ್ನುವ ಹಳೆಯ ಪುಟ್ಟ ಯಂತ್ರಗಳಿಗೆ ಮಿಡಿ ಇನ್ ಮಾತ್ರ ಇದೆ, ಔಟ್ ಇಲ್ಲವೇ ಇಲ್ಲ. ಮಿಡಿ ಕ್ಲಾಕ್ ಅದರಿಂದ ಬರಲ್ಲ.

ಮಾನಿಟರ್ ತಂತ್ರಾಂಶ ಇದ್ದರೆ ಮಾಸ್ಟರನ್ನು ಅದಕ್ಕೆ ಜೋಡಿಸಿ ಕಣ್ಣಾರೆ ನೋಡಿ. ಕ್ಲಾಕ್ ಸಾಲು ಸಾಲಾಗಿ ಹರಿಯಬೇಕು, ಪ್ಲೇ ಒತ್ತಿದಾಗ ಒಂದು ಸ್ಟಾರ್ಟ್ ಕಾಣಬೇಕು. ಕ್ಲಾಕ್ ಕಾಣದಿದ್ದರೆ ತಂತ್ರಾಂಶದ ಫಿಲ್ಟರ್ ಅದನ್ನು ಮುಚ್ಚಿಟ್ಟಿದೆಯೇ ಅಂತ ಮೊದಲು ನೋಡಿ. ಸಾಲು ಜಾಸ್ತಿಯಾಗುತ್ತದೆ ಅಂತ ಹಲವು ತಂತ್ರಾಂಶಗಳು ಕ್ಲಾಕನ್ನು ತಾವಾಗೇ ಅಡಗಿಸುತ್ತವೆ.

## 4. ಸ್ಲೇವ್ ಕಿವಿ ತೆರೆದಿದೆಯೇ?

ಕ್ಲಾಕ್ ಸೋರ್ಸ್ 'ಎಕ್ಸ್‌ಟರ್ನಲ್' ಅಥವಾ 'ಮಿಡಿ' ಇರಬೇಕು. ಯಮಹಾ ಪಿಎಸ್‌ಆರ್-ಇ ಸಾಲಿನ ಬಹಳಷ್ಟು ಕೀಬೋರ್ಡ್‌ಗಳಲ್ಲಿ ಇದು ಫಂಕ್ಷನ್ ಮೆನುವಿನ ಒಳಗೆ 'ಎಕ್ಸ್‌ಟರ್ನಲ್ ಕ್ಲಾಕ್' ಅಂತ ಇದೆ. ಅದನ್ನು ಆನ್ ಮಾಡಿ ಕೇಬಲ್ ಕಿತ್ತರೆ ಸ್ಟೈಲ್ ಶುರುವಾಗಲ್ಲ. ಮೆಟ್ರೋನೋಮ್ ಕೂಡ ಆಡಲ್ಲ. ಕೀಬೋರ್ಡ್ ಕೆಟ್ಟಿತು ಅಂತ ರಿಪೇರಿಗೆ ಒಯ್ದವರನ್ನು ನೋಡಿದ್ದೇನೆ. ಅದು ಕೆಟ್ಟಿಲ್ಲ, ಬಾರದ ಮಿಡಿತಕ್ಕಾಗಿ ಕಾಯುತ್ತಾ ಕೂತಿದೆ.

'ಆಟೋ' ಅನ್ನುವ ಆಯ್ಕೆ ಇದ್ದರೆ ನಾನು ಹಾಕುವುದಿಲ್ಲ. ಕ್ಲಾಕ್ ಬಂದರೆ ಕೇಳುತ್ತದೆ, ಬರದಿದ್ದರೆ ತನ್ನ ಪಾಡಿಗೆ ನುಡಿಸುತ್ತದೆ. ಅದೇ ತೊಂದರೆ. ಕೇಬಲ್ ಸಡಿಲಾದರೂ ನಿಮಗೆ ಗೊತ್ತಾಗಲ್ಲ, 'ಓಟ' ಶುರುವಾದ ಮೇಲೆಯೇ ತಿಳಿಯುವುದು. ಎಕ್ಸ್‌ಟರ್ನಲ್ ಇದ್ದರೆ ನಿಂತುಬಿಡುತ್ತದೆ, ಎಲ್ಲಿ ತಪ್ಪಿತು ಅಂತ ತಕ್ಷಣ ಗೊತ್ತಾಗುತ್ತದೆ.

ಸಿಂಥಸೈಜರ್‌ಗಳಲ್ಲಿ ಇನ್ನೊಂದು ಒಳಗುಟ್ಟಿದೆ. ಸೀಕ್ವೆನ್ಸರ್ ಎಕ್ಸ್‌ಟರ್ನಲ್ ಆದರೂ ಆರ್ಪೆಜಿಯೇಟರ್ (ಒತ್ತಿದ ಕಾರ್ಡನ್ನು ಬಿಡಿಬಿಡಿಯಾಗಿ ನುಡಿಸುವುದು), ಎಲ್‌ಎಫ್‌ಒ (ದನಿಯನ್ನು ನಿಧಾನವಾಗಿ ಏರಿಳಿಸುವುದು), ಡಿಲೇ (ಪ್ರತಿಧ್ವನಿ) ಮೂರಕ್ಕೂ ಬೇರೆ ಬೇರೆ ಸಿಂಕ್ ಸ್ವಿಚ್ ಇರಬಹುದು, ಕೆಲವದರಲ್ಲಿ ಪ್ರತಿ ಪ್ಯಾಚ್‌ಗೂ, ಅಂದರೆ ಉಳಿಸಿಟ್ಟ ಪ್ರತಿ ದನಿಗೂ, ಬೇರೆ. ಒಂದು ದನಿಯಲ್ಲಿ ಸರಿ, ಇನ್ನೊಂದು ದನಿಗೆ ಹೋದರೆ ತಪ್ಪು ಅಂದರೆ ಪ್ಯಾಚ್‌ನ ಸೆಟ್ಟಿಂಗ್ ನೋಡಿ.

ಪರದೆಯಲ್ಲಿ 119.9, 120.1, 120 ಅಂತ ಅಂಕಿ ಕುಣಿಯುತ್ತಿದ್ದರೆ ಹೆದರಬೇಡಿ. ಸ್ಲೇವ್ ಮಿಡಿತಗಳ ಅಂತರ ಅಳೆದು ಟೆಂಪೋ ಊಹಿಸುತ್ತಿದೆ, ಅಂದರೆ ಕೇಳುತ್ತಿದೆ. ಅದು ಒಳ್ಳೆಯ ಲಕ್ಷಣ. ಅಂಕಿ ಐದಾರು ಬಿಪಿಎಂ ಹಾರಿದರೆ ಮಾತ್ರ 9ನೇ ಹಂತ.

## 5. ಕೇಬಲ್ ಮತ್ತು ಕಿಂಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ಹತ್ತಿರ ಬರುವ ದೂರುಗಳಲ್ಲಿ ಜಾಸ್ತಿ ಮುಗಿಯುವುದು ಇಲ್ಲೇ.

ಐದು ಪಿನ್ನಿನ ಕೇಬಲ್. ಮಿಡಿಗೆ ಬೇಕಾದದ್ದು 4 ಮತ್ತು 5ನೇ ಪಿನ್, ಜೊತೆಗೆ 2ರಲ್ಲಿ ಶೀಲ್ಡ್. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಈ ತುದಿಯ 4 ಆ ತುದಿಯ 4ಕ್ಕೆ, 5 ಆ ತುದಿಯ 5ಕ್ಕೆ ಸೇರಿದೆಯೇ ನೋಡಿ. ಹಳೆಯ ಟೇಪ್ ರೆಕಾರ್ಡರಿನ ಐದು ಪಿನ್ನಿನ ಕೇಬಲ್ ಕೂಡ ನೋಡಲು ಹೀಗೇ ಇರುತ್ತದೆ, ಆದರೆ ಒಳಗೆ ತಂತಿ ಅದಲುಬದಲಾಗಿರಬಹುದು. ಉದ್ದ 15 ಮೀಟರ್ ಮೀರಬಾರದು.

ಡಿನ್ ಸಿಂಕ್. ರೋಲ್ಯಾಂಡ್ ಟಿಆರ್-808, 606ರಂಥ ಹಳೆಯ ಯಂತ್ರಗಳ ಐದು ಪಿನ್ನಿನ ಕಿಂಡಿ ಮಿಡಿ ಅಲ್ಲವೇ ಅಲ್ಲ, ಅದು ಮಿಡಿಗೂ ಹಳೆಯ ಬೇರೆಯೇ ತಾಳದ ಸಂಕೇತ. ಪ್ಲಗ್ ಕೂರುತ್ತದೆ, ಮಾತು ಕೂಡಲ್ಲ. ನಡುವೆ ಪರಿವರ್ತಕ ಬಾಕ್ಸ್ ಬೇಕು.

ಚಿಕ್ಕ 3.5 ಎಂಎಂ ಕಿಂಡಿ. ಇದರಲ್ಲಿ ಟೈಪ್ ಎ, ಟೈಪ್ ಬಿ ಅಂತ ಎರಡು ಬಗೆ. ಎ ಬಗೆಯಲ್ಲಿ ತುದಿಗೆ 5ನೇ ಪಿನ್, ನಡುವಿನ ಉಂಗುರಕ್ಕೆ 4ನೇ ಪಿನ್. ಬಿ ಬಗೆಯಲ್ಲಿ ಅದರ ಉಲ್ಟಾ. 2018ರಲ್ಲಿ ಎ ಬಗೆಯೇ ಪ್ರಮಾಣ ಅಂತಾಯಿತು. ಅದಕ್ಕೂ ಮುಂಚಿನ ಆರ್ಟೂರಿಯಾ, ನೊವೇಶನ್ ಯಂತ್ರಗಳಲ್ಲಿ ಬಿ ಸಿಗುತ್ತದೆ. ಎ ಯಂತ್ರಕ್ಕೆ ಬಿ ಅಡಾಪ್ಟರ್ ಹಾಕಿದರೆ ಏನೂ ಸುಡಲ್ಲ, ಬರೀ 'ಮೌನ'.

ಎರಡೂ ಕಡೆ ಎ ಬಗೆ ಇದ್ದರೆ ಮೊಬೈಲಿಗೆ ಹಾಕುವ ಆಕ್ಸ್ ಕೇಬಲ್ಲೇ ಸಾಕು. ಆದರೆ ಅದು ಸ್ಟೀರಿಯೋ ಇರಬೇಕು, ಅಂದರೆ ಪ್ಲಗ್ಗಿನ ಮೇಲೆ ಎರಡು ಕಪ್ಪು ಗೆರೆ. ನನಗೊಮ್ಮೆ ಒಂದು ಅಂಗಡಿಯಲ್ಲಿ "ಎಲ್ಲ ಒಂದೇ ಸಾರ್" ಅಂತ ಒಂದೇ ಗೆರೆಯ ಮೋನೋ ಕೇಬಲ್ ಕೊಟ್ಟರು. ರಾತ್ರಿ ಹನ್ನೊಂದರವರೆಗೆ ಮೆನು ತಡಕಾಡಿದೆ. ಹಸಿವಾಗಿ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಕೂತಾಗ, ಎಣ್ಣೆ ಕೈ ತಾಗದಿರಲಿ ಅಂತ ಕೇಬಲ್ ಎತ್ತಿಟ್ಟೆ ನೋಡಿ, ಆಗ ಆ ಗೆರೆ ಕಣ್ಣಿಗೆ ಬಿತ್ತು.

ಯುಎಸ್‌ಬಿ. ಕೀಬೋರ್ಡ್ ಹಿಂದಿರುವ ಚೌಕದ ಯುಎಸ್‌ಬಿ ಕಿಂಡಿ ಕಂಪ್ಯೂಟರಿಗಾಗಿ ಇರುವುದು. ಎರಡು ಕೀಬೋರ್ಡ್‌ಗಳನ್ನು ಅದರಿಂದ ನೇರ ಜೋಡಿಸಿದರೆ ಇಬ್ಬರು ಮದುಮಗಳು, ಮದುಮಗ ಇಲ್ಲ ಅನ್ನುವ ಕಥೆ. ನಡುವೆ ಕಂಪ್ಯೂಟರ್ ಬೇಕು, ಇಲ್ಲವೇ ಯುಎಸ್‌ಬಿ ಮಿಡಿ ಹೋಸ್ಟ್ ಬಾಕ್ಸ್ ಬೇಕು.

ಯುಎಸ್‌ಬಿ-ಮಿಡಿ ಕೇಬಲ್. ಅದರ ಎರಡು ಪ್ಲಗ್ಗಿನ ಮೇಲೆ 'ಇನ್', 'ಔಟ್' ಅಂತ ಬರೆದಿರುತ್ತದೆ. ಇದು ಕೇಬಲ್‌ನ ದೃಷ್ಟಿಯಿಂದ ಬರೆದದ್ದೋ ಕೀಬೋರ್ಡಿನ ದೃಷ್ಟಿಯಿಂದ ಬರೆದದ್ದೋ ತಯಾರಿಸಿದವನಿಗೇ ಗೊತ್ತು. ಬರದಿದ್ದರೆ ಅದಲುಬದಲು ಮಾಡಿ ನೋಡಿ, ಹಾಳಾಗಲ್ಲ.

## 6. ಸ್ಟಾರ್ಟ್ ಎಲ್ಲಿಂದ ಆಗುತ್ತಿದೆ?

'ತಪ್ಪು ಹೆಜ್ಜೆ' ಬಂದರೆ ಕಾರಣ ಬಹುಪಾಲು ನಿಮ್ಮ ಕೈಯಲ್ಲೇ ಇದೆ. ಮಾಸ್ಟರ್ ಓಡುತ್ತಿರುವಾಗ ಸ್ಲೇವ್‌ನ ಪ್ಲೇ ಒತ್ತಿದಿರಿ ಅಲ್ವಾ? ಸ್ಲೇವ್ ಆ ಕ್ಷಣವನ್ನೇ 'ಒಂದು' ಅಂದುಕೊಂಡಿತು. ಸ್ಲೇವ್‌ನ ಪ್ಲೇ ಬಟನ್ ಮುಟ್ಟಲೇಬೇಡಿ.

ಎರಡನೆಯದು, ನಿಲ್ಲಿಸಿ ಮತ್ತೆ ಶುರು ಮಾಡುವಾಗ ಮಾಸ್ಟರ್ ಸ್ಟಾರ್ಟ್ ಬದಲು ಕಂಟಿನ್ಯೂ ಕಳಿಸುವುದು. ಹಾಡಿನ ನಡುವಿನಿಂದ ಹೊರಟರೆ ಮಾಸ್ಟರ್ 'ಸಾಂಗ್ ಪೊಸಿಷನ್' ಅನ್ನುವ ವಿಳಾಸವನ್ನೂ ಕಳಿಸಬಹುದು. ಬೀಟ್‌ನ ನಾಲ್ಕನೇ ಒಂದು ಭಾಗ, ಅಂದರೆ ಆರು ಮಿಡಿತ, ಅದರ ಅಳತೆ. ಆದರೆ ಪ್ಯಾಟರ್ನ್ ನುಡಿಸುವ ಎಷ್ಟೋ ಯಂತ್ರಗಳು ಆ ವಿಳಾಸ ಓದುವುದೇ ಇಲ್ಲ. ಪರೀಕ್ಷೆ ಸುಲಭ: ಮಾಸ್ಟರ್ ನಿಲ್ಲಿಸಿ, ಮೊದಲ ಬಾರ್‌ಗೆ ತಂದು, ಪ್ಲೇ ಒತ್ತಿ. ಈಗ ಸರಿ, ನಡುವಿನಿಂದ ತಪ್ಪು ಅಂದರೆ ದೋಷ ಇದೇ. ಸ್ಟೇಜಿನಲ್ಲಿ ಯಾವಾಗಲೂ ಸೊನ್ನೆಯಿಂದ ಶುರು ಮಾಡುವುದೇ ದಾರಿ.

## 7. ಕ್ಲಾಕ್ ಎರಡು ದಾರಿಯಿಂದ ಬರುತ್ತಿದೆಯೇ?

'ದುಪ್ಪಟ್ಟು'ವಿನ ಮನೆ ಇದು. ಒಂದೇ ಮಾಸ್ಟರ್‌ನಿಂದ ಐದು ಪಿನ್ನಿನಲ್ಲೂ ಕ್ಲಾಕ್, ಲ್ಯಾಪ್‌ಟಾಪ್ ಮೂಲಕ ಯುಎಸ್‌ಬಿಯಲ್ಲೂ ಕ್ಲಾಕ್ ಬಂದರೆ ಸ್ಲೇವ್ ಬೀಟ್‌ಗೆ 48 ಎಣಿಸುತ್ತದೆ. 120 ಇದ್ದದ್ದು 240. ಪೂರ್ತಿ ದುಪ್ಪಟ್ಟು ಆಗದೆ ತೊದಲಿದರೂ ಕಾರಣ ಇದೇ ಇರಬಹುದು.

ಇನ್ನೊಂದು ರೂಪ ಸುತ್ತು. ಸ್ಲೇವ್‌ನ ಔಟ್ ಮಾಸ್ಟರ್‌ನ ಇನ್‌ಗೆ ಹೋಗಿದೆ, ಸ್ಲೇವ್‌ನಲ್ಲಿ 'ಸಾಫ್ಟ್ ಥ್ರೂ' ಆನ್ ಇದೆ, ಬಂದ ಮಿಡಿತ ಹಾಗೇ ತಿರುಗಿ ಹೋಗುತ್ತದೆ. ಎರಡೂ ಕಡೆ ಕಳಿಸುವುದೂ ಕೇಳುವುದೂ ಆನ್ ಇದ್ದರೆ ಯಾರು ಯಾರ ಹಿಂದೆ ಅಂತ ಅವಕ್ಕೇ ಗೊತ್ತಿರಲ್ಲ. ಮಾಸ್ಟರ್‌ನಲ್ಲಿ 'ಕ್ಲಾಕ್ ರಿಸೀವ್' ಆಫ್. ಸ್ಲೇವ್‌ನಲ್ಲಿ 'ಕ್ಲಾಕ್ ಸೆಂಡ್' ಆಫ್. ಲ್ಯಾಪ್‌ಟಾಪ್ ಇದ್ದರೆ ಅದರಲ್ಲೂ ಬೇಡದ ಕಿಂಡಿಗಳ ಸಿಂಕ್ ಆಫ್.

ವೋಲ್ಕಾ, ಪಾಕೆಟ್ ಆಪರೇಟರ್‌ಗಳಂತೆ ಆಡಿಯೋ ಕೇಬಲ್‌ನಲ್ಲಿ ಸಿಂಕ್ ಕೊಡುವ ಯಂತ್ರಗಳಲ್ಲಿ ಅರ್ಧ, ದುಪ್ಪಟ್ಟು ಬರಲು ಕಾರಣ ಬೇರೆ. ಅವು ಸಾಮಾನ್ಯವಾಗಿ ಬೀಟ್‌ಗೆ 2 ಪೆಟ್ಟು ಲೆಕ್ಕ ಹಾಕುತ್ತವೆ. ಕಳಿಸುವ ಯಂತ್ರ 4 ಅಥವಾ 24ಕ್ಕೆ ಇದ್ದರೆ ವೇಗ ಎಡವಟ್ಟಾಗುತ್ತದೆ. ಎರಡೂ ಕಡೆಯ ಅಂಕಿ ಒಂದೇ ಮಾಡಿ, ಅಷ್ಟೇ.

## 8. ಎಳೆತ: ಅಳೆಯದೆ ತಿದ್ದಬೇಡಿ

ಎರಡು ಪೆಟ್ಟನ್ನೂ ಎರಡು ಟ್ರ್ಯಾಕ್‌ಗೆ ರೆಕಾರ್ಡ್ ಮಾಡಿ, ಹಿಗ್ಗಿಸಿ, ಹತ್ತು ಬೀಟ್‌ಗಳ ಅಂತರ ಅಳೆಯಿರಿ. ಹತ್ತೂ ಕಡೆ 11 ಅಥವಾ 12 ಮಿಲಿಸೆಕೆಂಡ್ ಇದ್ದರೆ ಅದು ಎಳೆತ. 3, 14, 7, 19 ಅಂತ ಇದ್ದರೆ ನಡುಕ.

ಎಳೆತ ಸಿಕ್ಕರೂ ಕ್ಲಾಕ್ ಮೇಲೆ ತಪ್ಪು ಹೊರಿಸುವ ಮುಂಚೆ ದನಿ ಬರುವ ದಾರಿ ನೋಡಿ. ಒಂದು ಯಂತ್ರ ನೇರ ಮಿಕ್ಸರ್‌ಗೆ, ಇನ್ನೊಂದು ಲ್ಯಾಪ್‌ಟಾಪ್ ಮೂಲಕ ಬರುತ್ತಿದ್ದರೆ, 48 ಕಿಲೋಹರ್ಟ್ಸ್‌ನಲ್ಲಿ 512 ಸ್ಯಾಂಪಲ್‌ನ ಬಫರ್ (ದನಿಯನ್ನು ಕ್ಷಣಕಾಲ ಕೂಡಿಟ್ಟುಕೊಳ್ಳುವ ಜಾಗ) ಒಂದೇ ಸುಮಾರು 10.7 ಮಿಲಿಸೆಕೆಂಡ್ ತಿನ್ನುತ್ತದೆ. ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ. ಸ್ಟೇಜಿನಲ್ಲಿ ಮಾನಿಟರ್ ಸ್ಪೀಕರ್ ಮೂರೂವರೆ ಮೀಟರ್ ದೂರ ಇದ್ದರೆ ಗಾಳಿಯಲ್ಲೇ 10 ಮಿಲಿಸೆಕೆಂಡ್ ಹೋಯಿತು. ಇವನ್ನೆಲ್ಲ ಕ್ಲಾಕ್ ಆಫ್‌ಸೆಟ್‌ನಲ್ಲಿ ತಿದ್ದಿದರೆ ಮುಂದಿನ ಸ್ಟೇಜಿನಲ್ಲಿ ಮತ್ತೆ ತಪ್ಪುತ್ತದೆ.

ದಾರಿ ಸರಿ ಮಾಡಿದ ಮೇಲೂ ಉಳಿದದ್ದನ್ನು 'ಕ್ಲಾಕ್ ಆಫ್‌ಸೆಟ್', 'ಸಿಂಕ್ ಡಿಲೇ' ಎಂಬಲ್ಲಿ ತಿದ್ದಿ. ಒಂದೊಂದೇ ಮಿಲಿಸೆಕೆಂಡ್ ಬದಲಿಸಿ, ಪ್ರತಿ ಸಲ ಅಳೆಯಿರಿ.

## 9. ನಡುಕ: ದಾರಿಯಲ್ಲಿ ಗಾಡಿ ಜಾಸ್ತಿ

ಐದು ಪಿನ್ನಿನ ಮಿಡಿ ಕೇಬಲ್‌ನ ವೇಗ ಸೆಕೆಂಡಿಗೆ 31,250 ಬಿಟ್. ಒಂದು ನೋಟ್ ಹೋಗಲು ಸುಮಾರು 1 ಮಿಲಿಸೆಕೆಂಡ್ ಬೇಕು. ಎರಡೂ ಕೈಯಲ್ಲಿ ಹತ್ತು ಬೆರಳಿನ ಕಾರ್ಡ್ ಒತ್ತಿದರೆ ಹತ್ತಿರ ಹತ್ತಿರ 10 ಮಿಲಿಸೆಕೆಂಡ್ ರಸ್ತೆ ಬಂದ್. ನಿಯಮದ ಪ್ರಕಾರ ಕ್ಲಾಕ್ ನಡುವೆ ನುಗ್ಗಬಹುದು, ಆಂಬ್ಯುಲೆನ್ಸ್ ಇದ್ದ ಹಾಗೆ. ಆದರೆ ಕೆಲವು ಮರ್ಜ್ ಬಾಕ್ಸ್‌ಗಳು, ಅಗ್ಗದ ಯುಎಸ್‌ಬಿ ಕೇಬಲ್‌ಗಳು ಅದನ್ನೂ ಸಾಲಿನಲ್ಲೇ ನಿಲ್ಲಿಸುತ್ತವೆ.

ಮೊದಲು ಆಫ್ಟರ್‌ಟಚ್ (ಒತ್ತಿ ಹಿಡಿದ ಕೀ ಮೇಲಿನ ಒತ್ತಡದ ಸಂದೇಶ) ಕಳಿಸುವುದನ್ನು ಆಫ್ ಮಾಡಿ. ಕೀ ಒತ್ತಿ ಹಿಡಿದಾಗೆಲ್ಲ ಅದು ಸುರಿಯುತ್ತಲೇ ಇರುತ್ತದೆ, ಬಳಸುವವರು ಕಡಿಮೆ. ಆಮೇಲೆ ಕ್ಲಾಕ್‌ಗೆ ಒಂದು ಕಿಂಡಿ, ನೋಟ್‌ಗಳಿಗೆ ಇನ್ನೊಂದು ಕಿಂಡಿ ಕೊಡಲು ಆಗುತ್ತದೆಯೇ ನೋಡಿ. ಲ್ಯಾಪ್‌ಟಾಪ್ ಮಾಸ್ಟರ್ ಆಗಿದ್ದರೆ ಹಾರ್ಡ್‌ವೇರ್ ಸೀಕ್ವೆನ್ಸರನ್ನು ಮಾಸ್ಟರ್ ಮಾಡಿ ಹೋಲಿಸಿ. ನನ್ನ ಅನುಭವದಲ್ಲಿ ನಡುಕ ಅಲ್ಲೇ ಅರ್ಧ ಇಳಿಯುತ್ತದೆ.

ಥ್ರೂನಿಂದ ಥ್ರೂಗೆ ನಾಲ್ಕೈದು ಯಂತ್ರ ಸರಪಳಿ ಮಾಡಬೇಡಿ. ಪ್ರತಿ ಕೊಂಡಿಯಲ್ಲೂ ಸಂಕೇತ ಸ್ವಲ್ಪ ಸವೆಯುತ್ತದೆ. ಒಂದು ಥ್ರೂ ಬಾಕ್ಸ್ ಇಟ್ಟು ಮಾಸ್ಟರ್‌ನಿಂದ ಎಲ್ಲರಿಗೂ ನೇರ ಹಂಚಿ.

## 10. ಕ್ಲಾಕ್ ಹೊರಲಾರದ ಸಂಗತಿ

ಎಲ್ಲ ಸರಿ, ಆದರೂ ಕಿವಿಗೆ ಹಿತ ಇಲ್ಲ. ಆಗ ಸ್ವಿಂಗ್ ನೋಡಿ, ಅಂದರೆ ಬೀಟ್‌ಗಳ ನಡುವಿನ ಪೆಟ್ಟನ್ನು ಎಷ್ಟು ತಡ ಮಾಡಬೇಕು ಅನ್ನುವ ಸೆಟ್ಟಿಂಗ್. ಕ್ಲಾಕ್ ಸ್ವಿಂಗ್ ಒಯ್ಯುವುದಿಲ್ಲ. ಒಂದರಲ್ಲಿ 58, ಇನ್ನೊಂದರಲ್ಲಿ 50 ಇದ್ದರೆ ಬೀಟ್ ಕೂಡುತ್ತದೆ, ನಡುವಿನ ಪೆಟ್ಟುಗಳು ಜಗಳವಾಡುತ್ತವೆ. ಎರಡರಲ್ಲೂ 50 ಮಾಡಿ ಪರೀಕ್ಷಿಸಿ.

ಪ್ಯಾಟರ್ನ್ ಉದ್ದವೂ ಹಾಗೇ. ಕೀಬೋರ್ಡಿನಲ್ಲಿ ದಾದ್ರಾ, ಆರು ಮಾತ್ರೆ, ಹನ್ನೆರಡು ಹೆಜ್ಜೆ. ಗ್ರೂವ್ ಬಾಕ್ಸ್ (ತಾಳದ ಪ್ಯಾಟರ್ನ್ ನುಡಿಸುವ ಯಂತ್ರ) ತಾನಾಗಿ 16 ಹೆಜ್ಜೆಗೆ ಇರುತ್ತದೆ. ಎರಡೂ ಮತ್ತೆ ಒಟ್ಟಿಗೆ 'ಸಮ್'ಗೆ ಬರುವುದು 48 ಹೆಜ್ಜೆ ಕಳೆದ ಮೇಲೆ. ಅಲ್ಲಿಯವರೆಗೆ ಗಾಯಕನ ಮುಖ ನೋಡಲಾಗದು. ಉದ್ದ 12 ಮಾಡಿ. ಕೆಹರ್ವಾ ಆದರೆ 16 ನಡೆಯುತ್ತದೆ.

## 11. ಒಂದೊಂದೇ ವಾಪಸ್ ಸೇರಿಸಿ, ಉಳಿಸಿ

ಎರಡು ಯಂತ್ರ ಹತ್ತು ನಿಮಿಷ ತಪ್ಪದೆ ನಡೆದ ಮೇಲೆ ಮೂರನೆಯದು. ಮತ್ತೆ ಹತ್ತು ನಿಮಿಷ. ಹೊಸದು ಸೇರಿದ ಕೂಡಲೇ ತಪ್ಪಿದರೆ ಹುಡುಕುವ ಕೆಲಸ ಇಲ್ಲ, ಅದೇ.

ಸೆಟ್ಟಿಂಗ್ ಸೇವ್ ಮಾಡಿ, ಯಂತ್ರ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿ. ಜಗಳೂರು ಕಡೆಯ ಒಂದು ಊರಹಬ್ಬದಲ್ಲಿ ಜನರೇಟರ್ ಎರಡು ನಿಮಿಷ ನಿಂತಿತು. ಕರೆಂಟ್ ಬಂದಾಗ ನನ್ನ ಸಿಂಥ್ 'ಇಂಟರ್ನಲ್'ಗೆ ಮರಳಿತ್ತು. ಸೇವ್ ಮಾಡದಿದ್ದದ್ದು ನಾನೇ. ಮೊದಲ ಹಾಡು ಪೂರ್ತಿ ಓಟ. ಅಂದಿನಿಂದ ಪ್ರತಿ ಯಂತ್ರದ ಮೇಲೂ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ, ಯಾವ ಮೆನುವಿನಲ್ಲಿ ಏನಿರಬೇಕು ಅಂತ ಬರೆದಿದ್ದೇನೆ.

## 12. ಇಷ್ಟಾದರೂ ಮೌನವೇ?

ಸ್ಲೇವ್‌ನ ಇನ್‌ಗೆ ಬೇರೊಂದು ಕೀಬೋರ್ಡ್ ಜೋಡಿಸಿ ಬರೀ ನೋಟ್ ಒತ್ತಿ. ಇಲ್ಲಿ ಮಾತ್ರ ಚಾನೆಲ್ ಎರಡೂ ಕಡೆ ಒಂದೇ ಇರಬೇಕು. ನೋಟ್ ಕೇಳಿಸಿದರೆ ಕಿಂಡಿ ಜೀವಂತ ಇದೆ, ತಪ್ಪು 3 ಅಥವಾ 4ರಲ್ಲಿ ಎಲ್ಲೋ ಉಳಿದಿದೆ, ಮತ್ತೆ ಅಲ್ಲಿಗೆ ಹೋಗಿ. ನೋಟ್ ಕೂಡ ಬರದಿದ್ದರೆ, ಅದೇ ಕೇಬಲ್ ಬೇರೆ ಯಂತ್ರದಲ್ಲಿ ನಡೆದರೆ, ಇನ್ ಕಿಂಡಿಯ ಹಿಂದಿನ ಆಪ್ಟೋಕಪ್ಲರ್ (ಬಂದ ಸಂಕೇತವನ್ನು ಬೆಳಕಿನ ಮೂಲಕ ಒಳಗೆ ದಾಟಿಸುವ ಭಾಗ) ಸತ್ತಿರಬಹುದು. ಬಹಳ ಯಂತ್ರಗಳಲ್ಲಿ ಅದು 6ಎನ್138 ಎಂಬ ಎಂಟು ಕಾಲಿನ ಚಿಕ್ಕ ಐಸಿ. ಬೆಲೆ ಕಡಿಮೆ, ಬದಲಿಸುವ ಕೆಲಸ ದೊಡ್ಡದಲ್ಲ. ಟಿವಿ ರಿಪೇರಿ ಮಾಡುವ ಒಳ್ಳೆಯ ಕೈಯಾದರೂ ಸಾಕು. ಐಸಿ ನೇರ ಬೆಸುಗೆ ಹಾಕದೆ ಸಾಕೆಟ್ ಹಾಕಿಸಿ. ಮುಂದಿನ ಸಲ ನೀವೇ ಕಿತ್ತು ಹೊಸದು ಕೂರಿಸಬಹುದು.